ಪ್ರೆಸೆಂಟೋ, ಪಾಸ್ಟೋ? ಇಂಗ್ಲಿಷ್ ವಾಕ್ಯದ ಕಾಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಡಿಗ್ರಿ ಪರೀಕ್ಷೆ, ಇಂಟರ್‌ವ್ಯೂ, ಆಫೀಸಿನ ಮೇಲ್ ಅಂತ ಇಂಗ್ಲಿಷ್ ಜತೆ ಏಗುತ್ತಿರುವವರಿಗಾಗಿ ಈ ಪುಟ. ಇಂಗ್ಲಿಷ್ ವಾಕ್ಯಗಳನ್ನು ಕಿವಿಗೆ ಕೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ. ಜೋರಾಗಿ ಓದಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ವಿ-ಒನ್, ವಿ-ಟೂ, ವಿ-ತ್ರೀ ಪಟ್ಟಿ ಪೂರ್ತಿ ಬಾಯಿಪಾಠ ಇದೆ. ಆದರೂ ವಾಕ್ಯ ಬರೆಯುವಾಗ ತಪ್ಪುತ್ತದೆ. ಏಕೆ?

ಪಟ್ಟಿ ಕೊಡುವುದು ರೂಪ ಮಾತ್ರ: ಗೋ, ವೆಂಟ್, ಗಾನ್. ಯಾವಾಗ ಯಾವುದನ್ನು ತೆಗೆದುಕೊಳ್ಳಬೇಕು ಅನ್ನುವುದನ್ನು ಪಟ್ಟಿ ಹೇಳುವುದಿಲ್ಲ. ಅಲ್ಲಿ ನಾವೆಲ್ಲ ಮಾಡುವ ಕೆಲಸ ಒಂದೇ. ಮನಸ್ಸಿನಲ್ಲಿ ಕನ್ನಡ ವಾಕ್ಯ ಹುಟ್ಟುತ್ತದೆ, ಅದರ ಕ್ರಿಯಾಪದದ ಕೊನೆ ನೋಡಿ ಇಂಗ್ಲಿಷ್ ಟೆನ್ಸ್ ಜೋಡಿಸುತ್ತೇವೆ. ತಪ್ಪು ಶುರುವಾಗುವುದೇ ಅಲ್ಲಿ.

ಕನ್ನಡದಲ್ಲಿ ಕೆಲಸ ಕೈಗೂಡಿತು ಅನ್ನಿಸಿದರೆ ಸಾಕು, ಭೂತಕಾಲ ಬಂದುಬಿಡುತ್ತದೆ. ಅಡುಗೆಮನೆಯಿಂದ ಅಮ್ಮ ಕೂಗಿದರೆ, ಕೂತಲ್ಲಿಂದ ಇನ್ನೂ ಏಳದೆಯೇ "ಬಂದೇ" ಅನ್ನುತ್ತೇವೆ. ಶಿರಾ ಬಸ್ಸು ಇನ್ನೂ ತಿರುವಿನಲ್ಲಿದ್ದಾಗಲೇ "ಬಸ್ ಬಂತು" ಅನ್ನುತ್ತೇವೆ. ಚಪ್ಪಲಿ ಹಾಕಿಕೊಳ್ಳುತ್ತಾ "ನಾನು ಹೊರಟೆ" ಅನ್ನುತ್ತೇವೆ. ಇವು ಮೂರೂ ಇಂಗ್ಲಿಷಿನಲ್ಲಿ ಪ್ರೆಸೆಂಟ್: "ಐ ಆಮ್ ಕಮಿಂಗ್", "ದ ಬಸ್ ಇಸ್ ಕಮಿಂಗ್", "ಐ ಆಮ್ ಲೀವಿಂಗ್". "ಐ ಕೇಮ್" ಅಂದರೆ ಬಂದು ಮುಟ್ಟಿದ ಹಳೇ ಕತೆ.

ಆದ್ದರಿಂದ ಕನ್ನಡ ಕ್ರಿಯಾಪದವನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾನು ಹೇಳುತ್ತಿರುವ ಸಮಯ ಮುಗಿದಿದೆಯೇ? ಗಮನಿಸಿ, ಕೆಲಸ ಮುಗಿದಿದೆಯೇ ಅಂತಲ್ಲ, ಸಮಯ ಮುಗಿದಿದೆಯೇ ಅಂತ. ನಿನ್ನೆ, ಹೋದ ವಾರ, 2019, ಶಾಲೆಯಲ್ಲಿದ್ದಾಗ: ಇವೆಲ್ಲ ಮುಗಿದ ಸಮಯ, ಪಾಸ್ಟ್. ಕೆಳಗಿನ ಮುಕ್ಕಾಲು ಉತ್ತರಗಳು ಈ ಒಂದು ಪ್ರಶ್ನೆಯಿಂದಲೇ ಬರುತ್ತವೆ.

"ನಿನ್ನೆ ಕೋಲಾರಕ್ಕೆ ಹೋಗಿದ್ದೆ." ಇದಕ್ಕೆ "ಐ ಹ್ಯಾಡ್ ಗಾನ್" ಸರಿಯಲ್ಲವೇ?

ಅಲ್ಲ. ನಮ್ಮ ಕಡೆಯ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪು ಇದೇ ಇರಬೇಕು. "ಹೋಗಿದ್ದೆ"ಯಲ್ಲಿ "ಇದ್ದೆ" ಕಂಡ ಕೂಡಲೇ ಕೈ "ಹ್ಯಾಡ್" ಬರೆದುಬಿಡುತ್ತದೆ. ಆದರೆ ಕನ್ನಡದ "ಹೋಗಿದ್ದೆ"ಗೆ ಬಹಳ ಸಲ "ಹೋಗಿ ವಾಪಸ್ ಬಂದೆ" ಅನ್ನುವಷ್ಟೇ ಅರ್ಥ. ಅದಕ್ಕೆ ಇಂಗ್ಲಿಷಿನಲ್ಲಿ ಸಿಂಪಲ್ ಪಾಸ್ಟ್ ಸಾಕು: "ಐ ವೆಂಟ್ ಟು ಕೋಲಾರ ಯಸ್ಟರ್‌ಡೇ."

"ಹ್ಯಾಡ್ ಗಾನ್" ಒಂಟಿಯಾಗಿ ನಿಲ್ಲುವುದಿಲ್ಲ, ಅದಕ್ಕೆ ಜತೆಗೆ ಇನ್ನೊಂದು ಹಳೆಯ ಘಟನೆ ಬೇಕು. ಎರಡು ಘಟನೆಗಳಲ್ಲಿ ಮೊದಲು ನಡೆದದ್ದಕ್ಕೆ ಹ್ಯಾಡ್, ಆಮೇಲೆ ನಡೆದದ್ದಕ್ಕೆ ಸಿಂಪಲ್ ಪಾಸ್ಟ್. "ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್." ನಾನು ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಇಲ್ಲಿ ಹ್ಯಾಡ್ ತೆಗೆದು "ದ ಟ್ರೈನ್ ಲೆಫ್ಟ್" ಅಂದರೆ ನಾನು ಮುಟ್ಟಿದ ಮೇಲೆ ಹೊರಟಿತು ಅಂತಾಗುತ್ತದೆ, ಅಂದರೆ ಹತ್ತುವ ಅವಕಾಶ ಇತ್ತು ಅಂತ! ಅರ್ಥ ಹೀಗೆ ಬದಲಾಗುವ ಕಡೆ ಮಾತ್ರ ಹ್ಯಾಡ್ ಬೇಕು. "ಬಿಫೋರ್", "ಆಫ್ಟರ್" ಇದ್ದರೆ ಯಾವುದು ಮೊದಲು ಅನ್ನುವುದು ಅವುಗಳಿಂದಲೇ ಗೊತ್ತಾಗುವುದರಿಂದ ಹ್ಯಾಡ್ ಇಲ್ಲದಿದ್ದರೂ ನಡೆಯುತ್ತದೆ.

ಬರೆದು ಮುಗಿಸಿದ ಮೇಲೆ ಪ್ರತಿ ಹ್ಯಾಡ್‌ನ ಮೇಲೆ ಬೆರಳಿಟ್ಟು "ಯಾವುದಕ್ಕಿಂತ ಮೊದಲು?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಹೊಡೆದುಹಾಕಿ.

"ಬಿ.ಕಾಂ. ಮುಗಿಸಿದ್ದೇನೆ" ಅನ್ನುವುದಕ್ಕೆ "ಹ್ಯಾವ್ ಕಂಪ್ಲೀಟೆಡ್" ಬರೆಯಬಹುದಲ್ಲ?

ಬರೆಯಬಹುದು, ಪಕ್ಕದಲ್ಲಿ ಇಸವಿ ಇಲ್ಲದಿದ್ದರೆ. "ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ." ಸರಿ. "ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ. ಇನ್ 2022" ತಪ್ಪು. ಇಸವಿ ಹೇಳಿದ ತಕ್ಷಣ ಸಮಯಕ್ಕೆ ಬೀಗ ಬಿತ್ತು, ಹ್ಯಾವ್ ಬಿಟ್ಟು "ಐ ಕಂಪ್ಲೀಟೆಡ್ ಬಿ.ಕಾಂ. ಇನ್ 2022" ಅನ್ನಬೇಕು. ಹ್ಯಾವ್, ಹ್ಯಾಸ್ ಹೆಸರಿನಲ್ಲೇ ಪ್ರೆಸೆಂಟ್ ಪರ್ಫೆಕ್ಟ್. ಅವು ಇವತ್ತಿಗೆ ಅಂಟಿಕೊಂಡಿರುವುದರಿಂದ ಯಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಎಗೋ ಯಾವುದರ ಜತೆಗೂ ಕೂರುವುದಿಲ್ಲ.

"ದಿಸ್ ಮಾರ್ನಿಂಗ್" ಸ್ವಲ್ಪ ತರಲೆ. ಬೆಳಿಗ್ಗೆ ಹತ್ತಕ್ಕೆ ಮಾತಾಡುತ್ತಿದ್ದರೆ ಬೆಳಿಗ್ಗೆ ಇನ್ನೂ ಮುಗಿದಿಲ್ಲ: "ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್." ಮಧ್ಯಾಹ್ನ ಮೂರಕ್ಕೆ ಅದೇ ಮಾತು "ಐ ಹ್ಯಾಡ್ ಟೂ ಕಾಫೀಸ್" ಆಗುತ್ತದೆ. ಜಸ್ಟ್, ಆಲ್‌ರೆಡಿ, ಯೆಟ್ ಇದ್ದರೆ ನಮ್ಮ ಪಠ್ಯಗಳು ಹ್ಯಾವ್ ಕೇಳುತ್ತವೆ. ಅಮೆರಿಕದವರು "ಐ ಜಸ್ಟ್ ಏಟ್" ಅನ್ನುವುದನ್ನು ಕೇಳಿರುತ್ತೀರಿ. ಅದು ಅವರಲ್ಲಿ ಸರಿಯೇ, ಇಲ್ಲಿಯ ಪರೀಕ್ಷೆಯಲ್ಲಿ ಮಾತ್ರ ಆ ಸಾಹಸ ಬೇಡ.

ಇನ್ನೊಂದು: ನಂದಿ ಬೆಟ್ಟಕ್ಕೆ ಹೋಗಿ ಬಂದಿದ್ದರೆ "ಐ ಹ್ಯಾವ್ ಬೀನ್ ಟು ನಂದಿ ಹಿಲ್ಸ್". "ಹಿ ಹ್ಯಾಸ್ ಗಾನ್ ಟು ನಂದಿ ಹಿಲ್ಸ್" ಅಂದರೆ ಅವನು ಇನ್ನೂ ಅಲ್ಲೇ ಇದ್ದಾನೆ.

"2019ರಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ." ಕೆಲಸ ಈಗಲೂ ಮಾಡುತ್ತಿದ್ದೇನೆ, "ಐ ಆಮ್ ವರ್ಕಿಂಗ್" ಏಕೆ ತಪ್ಪು?

"ಐ ಆಮ್ ವರ್ಕಿಂಗ್ ಹಿಯರ್" ಅಂತ ನಿಲ್ಲಿಸಿದರೆ ತಪ್ಪಿಲ್ಲ. "ಸಿನ್ಸ್ 2019" ಸೇರಿಸಿದರೆ ಅಂದಿನಿಂದ ಇಂದಿನವರೆಗಿನ ಉದ್ದ ಬಂತು. "ಆಮ್" ಈ ಕ್ಷಣವನ್ನಷ್ಟೇ ಹಿಡಿಯುತ್ತದೆ, ಆ ಉದ್ದವನ್ನು ಹಿಡಿಯುವುದು "ಹ್ಯಾವ್ ಬೀನ್": "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2019." ಶುರುವಾದ ಗಳಿಗೆ ಹೇಳುವಾಗ ಸಿನ್ಸ್, ಎಷ್ಟು ಕಾಲ ಅಂತ ಹೇಳುವಾಗ ಫಾರ್. "ಸಿನ್ಸ್ ಫೈವ್ ಇಯರ್ಸ್" ಅನ್ನುವುದು "ಐದು ವರ್ಷದಿಂದ"ದ ನೇರ ನಕಲು. ಇಂಗ್ಲಿಷಿನಲ್ಲಿ ಅದು "ಫಾರ್ ಫೈವ್ ಇಯರ್ಸ್".

"ಡಿಡ್ ನಾಟ್ ಕೇಮ್" ಅಂತ ಬಾಯಿಗೆ ಬಂದುಬಿಡುತ್ತದೆ. ತಪ್ಪಿಸುವುದು ಹೇಗೆ?

ಇದೊಂದು ಕಡೆ ಕನ್ನಡವೇ ಸಹಾಯಕ್ಕೆ ಬರುತ್ತದೆ. ನಾವು "ಬರಲಿಲ್ಲ" ಅನ್ನುತ್ತೇವೆ, "ಬಂದಲಿಲ್ಲ" ಅಂತ ಮಗು ಕೂಡ ಅನ್ನುವುದಿಲ್ಲ. ಕಾಲದ ಕೆಲಸವನ್ನು "ಲಿಲ್ಲ" ಹೊತ್ತುಕೊಂಡಿದೆ, "ಬರ" ಅನ್ನುವ ಭಾಗ ಬರಿಗೈ. ಇಂಗ್ಲಿಷಿನಲ್ಲೂ ಅಷ್ಟೇ. ಪಾಸ್ಟ್ ಪೂರ್ತಿ "ಡಿಡ್" ಒಳಗೆ ಹೋಯಿತು, ಉಳಿದದ್ದು ವಿ-ಒನ್: "ಹಿ ಡಿಡ್ ನಾಟ್ ಕಮ್."

ಪ್ರಶ್ನೆಯಲ್ಲೂ ಹಾಗೇ: "ವೇರ್ ಡಿಡ್ ಯೂ ಗೋ?" ಆದರೆ ಯಾರು ಮಾಡಿದರು ಅಂತಲೇ ಕೇಳುವಾಗ ಡಿಡ್ ಬೇಡ, ವಿ-ಟೂ ಬೇಕು: "ಹೂ ಬ್ರೋಕ್ ದ ಗ್ಲಾಸ್?" ಹಾಗೆಯೇ "ಬಂದಿಲ್ಲ" ಮತ್ತು "ಬರಲಿಲ್ಲ" ಬೇರೆ ಬೇರೆ. ಇನ್ನೂ ಬರಬಹುದು ಅನ್ನುವ "ಬಂದಿಲ್ಲ" ಅಂದರೆ "ಹ್ಯಾಸ್ ನಾಟ್ ಕಮ್". ಬರುವ ಹೊತ್ತು ಮೀರಿಹೋದ "ಬರಲಿಲ್ಲ" ಅಂದರೆ "ಡಿಡ್ ನಾಟ್ ಕಮ್". ಈ ಜೋಡಿ ಮಾತ್ರ ಎರಡು ಭಾಷೆಯಲ್ಲೂ ಚೆನ್ನಾಗಿ ಹೊಂದುತ್ತದೆ, ನಂಬಿ ಬಳಸಬಹುದು.

ಪ್ಯಾರಾಗ್ರಾಫ್ ಪಾಸ್ಟ್‌ನಲ್ಲಿ ಶುರುವಾಗಿ ಮಧ್ಯದಲ್ಲಿ ಪ್ರೆಸೆಂಟ್‌ಗೆ ಜಾರುತ್ತದೆ. ಹೀಗೇಕೆ?

ಎರಡು ಕಾರಣ, ಎರಡೂ ಕನ್ನಡದವೇ.

ಮೊದಲನೆಯದು, ನಮ್ಮ ವಾಕ್ಯದಲ್ಲಿ ಕೊನೆಯ ಕ್ರಿಯಾಪದ ಒಂದೇ ಕಾಲ ತೋರಿಸುತ್ತದೆ. "ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ ಹತ್ತಿದೆ." ಇಲ್ಲಿ "ಹತ್ತಿದೆ" ತೆಗೆದು "ಹತ್ತುತ್ತೇನೆ" ಹಾಕಿ, ಮೊದಲಿನ ಮೂರೂ ಅಲ್ಲಾಡುವುದಿಲ್ಲ. ಇಂಗ್ಲಿಷಿನಲ್ಲಿ ಪ್ರತಿಯೊಂದೂ ತನ್ನ ಟಿಕೆಟ್ ತಾನೇ ತೆಗೆದುಕೊಳ್ಳಬೇಕು: "ಐ ಗಾಟ್ ಅಪ್, ವಾಶ್ಟ್ ಮೈ ಫೇಸ್, ಡ್ರ್ಯಾಂಕ್ ಕಾಫಿ ಅಂಡ್ ಕಾಟ್ ದ ಬಸ್." ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು ಮಾತಾಡುವವರಿಗೂ ಇದೇ ಕಷ್ಟ, ಏಕೆಂದರೆ ತೆಲುಗು ವಾಕ್ಯವೂ ಹೀಗೇ ಸಾಗುತ್ತದೆ.

ಎರಡನೆಯದು, ಕತೆ ಹೇಳುವಾಗ ನಾವು ಬೇಕೆಂದೇ ವರ್ತಮಾನಕ್ಕೆ ನೆಗೆಯುತ್ತೇವೆ. "ಬಸ್ ಸ್ಟ್ಯಾಂಡಿಗೆ ಹೋದೆ, ನೋಡ್ತೀನಿ, ಒಂದು ಬಸ್ಸೂ ಇಲ್ಲ!" ಕನ್ನಡದಲ್ಲಿ ಆ "ನೋಡ್ತೀನಿ"ಯಿಂದಲೇ ಕತೆಗೆ ಜೀವ. ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ಅದಕ್ಕೆ ಕೆಂಪು ಗೀಟು.

ಡಿಗ್ರಿ ವಿದ್ಯಾರ್ಥಿಗಳು ಬರೆಯುವ ಮಾದರಿಯ ಒಂದು ತುಣುಕು ನೋಡಿ:

"ಲಾಸ್ಟ್ ಸಂಡೇ ವಿ ವೆಂಟ್ ಟು ನಂದಿ ಹಿಲ್ಸ್. ವಿ ಗೆಟ್ ಅಪ್ ಅಟ್ ಫೋರ್ ಅಂಡ್ ಟೇಕ್ ದ ಬೈಕ್. ವೆನ್ ವಿ ರೀಚ್ ದ ಗೇಟ್, ದೇರ್ ಇಸ್ ಅ ಲಾಂಗ್ ಲೈನ್. ವಿ ವೇಟೆಡ್ ಫಾರ್ ಒನ್ ಅವರ್. ನಂದಿ ಹಿಲ್ಸ್ ವಾಸ್ ಇನ್ ಚಿಕ್ಕಬಳ್ಳಾಪುರ ಡಿಸ್ಟ್ರಿಕ್ಟ್."

ಮೊದಲ ವಾಕ್ಯದ "ಲಾಸ್ಟ್ ಸಂಡೇ" ಇಡೀ ಘಟನೆಗೆ ಸಮಯ ಗೊತ್ತುಮಾಡಿದೆ. ಹಾಗಾಗಿ ಗೆಟ್ ಹೋಗಿ ಗಾಟ್, ಟೇಕ್ ಹೋಗಿ ಟುಕ್, ರೀಚ್ ಹೋಗಿ ರೀಚ್ಡ್, ಇಸ್ ಹೋಗಿ ವಾಸ್. ವೇಟೆಡ್ ಸರಿಯಿದೆ. ಕೊನೆಯ ವಾಕ್ಯದ ತಪ್ಪು ತಿರುಗುಮುರುಗು. ಬೆಟ್ಟ ಇವತ್ತೂ ಅದೇ ಜಿಲ್ಲೆಯಲ್ಲಿದೆ, ನಾವು ಹೋಗಿ ಬಂದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಹಾಗಾಗಿ "ಇಸ್". ಎಲ್ಲವನ್ನೂ ಕಣ್ಣು ಮುಚ್ಚಿ ಪಾಸ್ಟ್ ಮಾಡಿದರೂ ಅಂಕ ಹೋಗುತ್ತದೆ ಅನ್ನುವುದಕ್ಕೇ ಆ ವಾಕ್ಯ ಸೇರಿಸಿದ್ದು.

ತೀರಿಕೊಂಡವರ ಬಗ್ಗೆ, ಮುಚ್ಚಿಹೋದ ಜಾಗಗಳ ಬಗ್ಗೆ ಬರೆಯುವಾಗ ಇಸ್ ಹಾಕಬೇಕೋ ವಾಸ್ ಹಾಕಬೇಕೋ?

ವ್ಯಕ್ತಿ ಇಲ್ಲದಿದ್ದರೆ ಅವರ ಬದುಕಿನ ಘಟನೆಗಳೆಲ್ಲ ಸಿಂಪಲ್ ಪಾಸ್ಟ್. "ವಿಶ್ವೇಶ್ವರಯ್ಯ ವಾಸ್ ಬಾರ್ನ್ ಇನ್ ಮುದ್ದೇನಹಳ್ಳಿ. ಹಿ ರಿಸೀವ್ಡ್ ದ ಭಾರತ ರತ್ನ ಇನ್ 1955." ಮಾಸ್ತಿಯವರಿಗೆ ಜ್ಞಾನಪೀಠ ಬಂದದ್ದನ್ನು "ಮಾಸ್ತಿ ಹ್ಯಾಸ್ ವನ್" ಅನ್ನುವಂತಿಲ್ಲ. ಹ್ಯಾಸ್ ಬದುಕಿರುವವರಿಗೆ, ಅವರು 1986ರಲ್ಲೇ ತೀರಿಕೊಂಡರು. "ಮಾಸ್ತಿ ವನ್" ಅನ್ನಬೇಕು. ಆದರೆ ಅವರ ಬರವಣಿಗೆಯ ಗುಣ ವಿವರಿಸುವಾಗ ಪ್ರೆಸೆಂಟ್ ವಾಡಿಕೆ: "ಮಾಸ್ತಿ ಟೆಲ್ಸ್ ಹಿಸ್ ಸ್ಟೋರೀಸ್ ಇನ್ ಪ್ಲೇನ್ ಲಾಂಗ್ವೇಜ್." ಬರೆದವರು ಹೋದರೂ ಕತೆ ಇವತ್ತೂ ಓದಿದವರ ಮುಂದೆ ನಡೆಯುತ್ತಲೇ ಇರುತ್ತದಲ್ಲ. ನಮ್ಮ ಬಗ್ಗೆ ಹೇಳಿಕೊಳ್ಳುವಾಗಲೂ "ಐ ವಾಸ್ ಬಾರ್ನ್", ಎಷ್ಟೇ ಗಟ್ಟಿಯಾಗಿ ಬದುಕಿದ್ದರೂ! ಹುಟ್ಟಿದ ದಿನ ಮುಗಿದಿದೆ.

ಕೋಲಾರದ ಚಿನ್ನದ ಗಣಿ ಇದಕ್ಕೆ ಒಳ್ಳೆಯ ಉದಾಹರಣೆ, ಒಂದೇ ಸಂಗತಿಯನ್ನು ಮೂರು ಕಾಲದಲ್ಲಿ ಹೇಳಬಹುದು. "ದ ಮೈನ್ಸ್ ಕ್ಲೋಸ್ಡ್ ಇನ್ 2001": ಮುಚ್ಚಿದ ಆ ಘಟನೆ, ಪಾಸ್ಟ್. "ದ ಮೈನ್ಸ್ ಹ್ಯಾವ್ ಬೀನ್ ಕ್ಲೋಸ್ಡ್ ಸಿನ್ಸ್ 2001": ಅಂದಿನಿಂದ ಇಂದಿನವರೆಗಿನ ಸ್ಥಿತಿ. "ಕೆಜಿಎಫ್ ಇಸ್ ಇನ್ ಕೋಲಾರ ಡಿಸ್ಟ್ರಿಕ್ಟ್": ಊರು ಎಲ್ಲಿಗೂ ಹೋಗಿಲ್ಲ. ಚಿಕ್ಕಬಳ್ಳಾಪುರದ್ದೂ ಹೀಗೆ: "ಇಟ್ ವಾಸ್ ಪಾರ್ಟ್ ಆಫ್ ಕೋಲಾರ ಡಿಸ್ಟ್ರಿಕ್ಟ್ ಅಂಟಿಲ್ 2007. ನೌ ಇಟ್ ಇಸ್ ಅ ಸೆಪರೇಟ್ ಡಿಸ್ಟ್ರಿಕ್ಟ್."

"ಹೋಗ್ತಿದ್ದೆ" ಅಂದರೆ "ವಾಸ್ ಗೋಯಿಂಗ್" ತಾನೆ?

ಕೆಲವೊಮ್ಮೆ. "ದಾರೀಲಿ ಹೋಗ್ತಿದ್ದೆ, ಮಳೆ ಬಂತು": "ಐ ವಾಸ್ ಗೋಯಿಂಗ್." "ಚಿಕ್ಕವನಿದ್ದಾಗ ಕೆರೆಗೆ ಈಜೋಕೆ ಹೋಗ್ತಿದ್ದೆ": ಇದು ರೂಢಿ, "ಐ ಯೂಸ್ಡ್ ಟು ಗೋ." ಯೂಸ್ಡ್ ಟು ಬಿಟ್ಟುಹೋದ ಅಭ್ಯಾಸಕ್ಕೆ ಮಾತ್ರ. ಈಗಲೂ ದಿನಾ ವಾಕಿಂಗ್ ಹೋಗುವವರು "ಐ ಯೂಸ್ ಟು ಗೋ ಡೈಲಿ" ಅನ್ನುತ್ತಾರೆ. ಅಲ್ಲಿ "ಐ ಗೋ ಎವೆರಿ ಡೇ" ಅಂದರೆ ಸಾಕು.

ಒಬ್ಬರು ಹೇಳಿದ್ದನ್ನು ವರದಿ ಮಾಡುವಾಗ ಕಾಲ ಬದಲಿಸಲೇಬೇಕೇ?

ಕನ್ನಡದಲ್ಲಿ "ಬರ್ತೀನಿ ಅಂದ" ಅಂತ ಅವನ ಮಾತನ್ನೇ ಎತ್ತಿಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಮೆಟ್ಟಿಲು ಹಿಂದಕ್ಕೆ ಇಳಿಸುವುದು ರೂಢಿ: "ಹಿ ಸೆಡ್ ಹಿ ವುಡ್ ಕಮ್." ಇಸ್ ಇದ್ದದ್ದು ವಾಸ್, ವಿಲ್ ಇದ್ದದ್ದು ವುಡ್, ಕ್ಯಾನ್ ಇದ್ದದ್ದು ಕುಡ್. ಹೇಳಿದ್ದು ಇವತ್ತಿಗೂ ನಿಜವಾಗಿದ್ದರೆ ಬದಲಿಸದಿದ್ದರೂ ತಪ್ಪಲ್ಲ: "ಷಿ ಸೆಡ್ ಷಿ ಲಿವ್ಸ್ ಇನ್ ಮಧುಗಿರಿ." ಡೈರೆಕ್ಟ್-ಇಂಡೈರೆಕ್ಟ್ ಬದಲಿಸಿ ಅಂತ ಪರೀಕ್ಷೆಯಲ್ಲಿ ಕೇಳಿದರೆ ಮಾತ್ರ ಇಳಿಸಿಯೇ ಬರೆಯಿರಿ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನುವಂಥ ಸಾರ್ವಕಾಲಿಕ ಸತ್ಯ ಬಂದಾಗ ಅದು ಬೇಡ.

"ಇಫ್ ಐ ಹ್ಯಾಡ್ ಮನಿ" ಈಗಿನ ಮಾತು. ಅಲ್ಲಿ ಪಾಸ್ಟ್ ಏಕೆ?

ಅದು ಕಾಲದ ಪಾಸ್ಟ್ ಅಲ್ಲ, ವಾಸ್ತವದಿಂದ ದೂರ ತೋರಿಸುವ ಪಾಸ್ಟ್. "ದುಡ್ಡಿದ್ದಿದ್ರೆ ತಗೋತಿದ್ದೆ" ಅನ್ನುವಾಗ ನಾವೂ ಅದನ್ನೇ ಮಾಡುತ್ತೇವೆ: "ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ ಇಟ್." ಸಂಕೋಚದ ಮಾತಿನಲ್ಲೂ ಅಷ್ಟೇ. ಸಾಹೇಬರ ಮುಂದೆ ನಿಂತು "ಸಾರ್, ಒಂದು ವಿಷಯ ಕೇಳ್ಬೇಕಿತ್ತು" ಅನ್ನುತ್ತೇವಲ್ಲ, ಕೇಳಬೇಕಿರುವುದು ಈಗಲೇ. ಇಂಗ್ಲಿಷಿನಲ್ಲಿ ಅದೇ ವಿನಯಕ್ಕೆ "ಸರ್, ಐ ವಾಂಟೆಡ್ ಟು ಆಸ್ಕ್ ಯೂ ಸಂಥಿಂಗ್."

ರಜೆ ಅರ್ಜಿ, ಬ್ಯಾಂಕಿಗೆ ದೂರು, ರೆಸ್ಯೂಮೆ: ಇವುಗಳಲ್ಲಿ ಎಲ್ಲೆಲ್ಲಿ ಎಡವುತ್ತಾರೆ?

ರಜೆ ಅರ್ಜಿಯಲ್ಲಿ ಬರೆಯುವ ದಿನ ಮುಖ್ಯ. ಜ್ವರ ಇರುವಾಗಲೇ ಕಳಿಸುವುದಾದರೆ "ಐ ಹ್ಯಾವ್ ಹ್ಯಾಡ್ ಫೀವರ್ ಸಿನ್ಸ್ ಯಸ್ಟರ್‌ಡೇ. ಐ ಕೆನಾಟ್ ಅಟೆಂಡ್ ಕಾಲೇಜ್ ಟುಡೇ." ವಾಸಿಯಾಗಿ ಬಂದ ಮೇಲೆ ಕೊಡುವುದಾದರೆ "ಐ ವಾಸ್ ಆಬ್ಸೆಂಟ್ ಆನ್ ಮಂಡೇ ಬಿಕಾಸ್ ಐ ಹ್ಯಾಡ್ ಫೀವರ್." ಹಳೇ ಅರ್ಜಿ ನೋಡಿ ನಕಲು ಮಾಡುವವರು ವಾಪಸ್ ಬಂದ ಮೇಲೂ "ಐ ಆಮ್ ಸಫರಿಂಗ್" ಅಂತ ಕೊಡುತ್ತಾರೆ. ಓದಿದವರಿಗೆ "ಹಾಗಾದರೆ ಮನೆಗೆ ಹೋಗಪ್ಪ" ಅನ್ನಬೇಕು ಅನ್ನಿಸುತ್ತದೆ.

ದುಡ್ಡು ಕಟ್ ಆಗಿ ಎದುರಿನವರಿಗೆ ಹೋಗದಿದ್ದಾಗ ಬ್ಯಾಂಕಿಗೆ ಬರೆಯುವ ದೂರಿನಲ್ಲಿ ಎರಡು ಕಾಲ ಬೇಕು. ಕಟ್ ಆದ ತಾರೀಖು ಗೊತ್ತಿದೆ, ಅದು ಸಿಂಪಲ್ ಪಾಸ್ಟ್. ಹಣ ಇನ್ನೂ ಬಂದಿಲ್ಲ, ಅದು ಪ್ರೆಸೆಂಟ್ ಪರ್ಫೆಕ್ಟ್. "500 ರುಪೀಸ್ ವಾಸ್ ಡೆಬಿಟೆಡ್ ಆನ್ 3 ಜೂನ್, ಬಟ್ ದ ಮನಿ ಹ್ಯಾಸ್ ನಾಟ್ ರೀಚ್ಡ್ ದ ಶಾಪ್." ಎರಡನ್ನೂ ಪಾಸ್ಟ್ ಮಾಡಿದರೆ ಸಮಸ್ಯೆ ಆಗಲೇ ಮುಗಿದಿದೆ ಅಂತ ಓದುವವರು ತಿಳಿಯಬಹುದು.

ರೆಸ್ಯೂಮೆಯಲ್ಲಿ ಬಿಟ್ಟ ಕೆಲಸಕ್ಕೆ ಪಾಸ್ಟ್, ಇರುವ ಕೆಲಸಕ್ಕೆ ಪ್ರೆಸೆಂಟ್. ನರಸಾಪುರದ ಅಥವಾ ವಸಂತನರಸಾಪುರದ ಫ್ಯಾಕ್ಟರಿಯ ಇಂಟರ್‌ವ್ಯೂಗೆ ಹೋಗುವವರು ಈ ನಾಲ್ಕು ಸಾಲನ್ನು ತಮ್ಮ ವಿವರ ಹಾಕಿ ಬಾಯಲ್ಲಿ ಕೂರಿಸಿಕೊಳ್ಳಿ: "ಐ ಆಮ್ ಫ್ರಮ್ ಮಾಲೂರು. ಐ ಕಂಪ್ಲೀಟೆಡ್ ಡಿಪ್ಲೊಮಾ ಇನ್ 2021. ಐ ವರ್ಕ್ಡ್ ಇನ್ ಅ ಟೂಲ್ ರೂಮ್ ಫಾರ್ ಒನ್ ಇಯರ್. ನೌ ಐ ವರ್ಕ್ ಇನ್ ಕ್ವಾಲಿಟಿ." "ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್" ಬೇಡ, "ಐ ಹ್ಯಾವ್". ಇರುವುದು, ಗೊತ್ತಿರುವುದು, ಬೇಕಾಗಿರುವುದು ಇವಕ್ಕೆಲ್ಲ ಸಾಮಾನ್ಯವಾಗಿ "ಇಂಗ್" ಅಂಟುವುದಿಲ್ಲ.

ಬರೆಯುವಾಗ ಸರಿ, ಮಾತಿನಲ್ಲಿ "ಈಡಿ" ನುಂಗಿಹೋಗುತ್ತದೆ. ಉಚ್ಚಾರ ಹೇಗೆ?

ಮೂರು ಥರ. ಕ್ರಿಯಾಪದದ ಕೊನೆಯ ಸದ್ದು ಕ್, ಪ್, ಸ್, ಶ್, ಚ್, ಫ್ ಆಗಿದ್ದರೆ "ಟ್": ವರ್ಕ್ಟ್, ಸ್ಟಾಪ್ಟ್, ವಾಶ್ಟ್. ಬರೆಯುವುದು ವರ್ಕ್ಡ್ ಅಂತಿದ್ದರೂ ಬಾಯಲ್ಲಿ ಟ್. ಕೊನೆಯ ಸದ್ದು ಟ ಅಥವಾ ಡ ಆಗಿದ್ದರೆ ಪೂರ್ತಿ "ಇಡ್": ವಾಂಟಿಡ್, ನೀಡಿಡ್. ಉಳಿದವಕ್ಕೆಲ್ಲ "ಡ್": ಕಾಲ್ಡ್, ಓಪನ್ಡ್, ಪ್ಲೇಡ್. "ಆಸ್ಕೆಡ್" ಅನ್ನಬೇಡಿ, ಅದು "ಆಸ್ಕ್ಟ್". ಪುಟ್, ಕಟ್, ಹಿಟ್ ಮೂರೂ ಕಾಲಕ್ಕೆ ಒಂದೇ. ಓದುವುದು ಅನ್ನುವ ಪದದ ಸ್ಪೆಲಿಂಗ್ ಮಾತ್ರ ಒಂದೇ, ಪ್ರೆಸೆಂಟ್‌ನಲ್ಲಿ ರೀಡ್, ಪಾಸ್ಟ್‌ನಲ್ಲಿ ರೆಡ್.

ನಾಳೆಯ ರೈಲಿಗೆ "ಲೀವ್ಸ್" ಅಂತ ಪ್ರೆಸೆಂಟ್ ಹೇಗೆ ಬರುತ್ತದೆ?

ಟೈಂಟೇಬಲ್ ಇರುವುದಕ್ಕೆಲ್ಲ ಹಾಗೆ: "ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ." ನಾವೂ "ನಾಳೆ ಆರಕ್ಕೆ ಹೊರಡುತ್ತೆ" ಅಂತಲೇ ಅನ್ನುವುದು.

ಪೇಪರಿನ ಹೆಡ್‌ಲೈನ್ ನೋಡಿ ಕಲಿಯಬಹುದೇ?

ಕಾಲದ ಮಟ್ಟಿಗೆ ಬೇಡ. "ಲೆಪರ್ಡ್ ಅಟ್ಯಾಕ್ಸ್ ಕೌ" ಅಂತ ತಲೆಬರಹ ಇರುತ್ತದೆ, ದಾಳಿ ನಡೆದದ್ದು ಹಿಂದಿನ ರಾತ್ರಿ. ಕೆಳಗಿನ ಸುದ್ದಿ ಓದಿ, ಅಲ್ಲಿ "ಅಟ್ಯಾಕ್ಡ್" ಅಂತಲೇ ಇರುತ್ತದೆ.

ಬಿಟ್ಟ ಸ್ಥಳ ತುಂಬುವಾಗ ಎವೆರಿ ಡೇ ಕಂಡರೆ ಪ್ರೆಸೆಂಟ್, ಯಸ್ಟರ್‌ಡೇ ಕಂಡರೆ ಪಾಸ್ಟ್. ಇಷ್ಟು ಸಾಲದೇ?

ಸಾಮಾನ್ಯವಾಗಿ ಸಾಕು. ಎವೆರಿ ಡೇ ಒಂದನ್ನು ಮಾತ್ರ ಪೂರ್ತಿ ನಂಬಬೇಡಿ. "ವೆನ್ ಹಿ ವಾಸ್ ಇನ್ ತಿಪಟೂರು, ಹಿ ಡ್ಯಾಶ್ ಟು ದ ಮಾರ್ಕೆಟ್ ಎವೆರಿ ಡೇ." ಇಲ್ಲಿ ಎವೆರಿ ಡೇ ನೋಡಿ "ಗೋಸ್" ಬರೆದರೆ ತಪ್ಪು. ತಿಪಟೂರಿನಲ್ಲಿದ್ದ ಕಾಲ ಮುಗಿದಿದೆ, ಉತ್ತರ "ವೆಂಟ್". ವಾಕ್ಯದ ಇನ್ನೊಂದು ಕ್ರಿಯಾಪದ ಯಾವ ಕಾಲದಲ್ಲಿದೆ ಅಂತ ಮೊದಲು ನೋಡಿ, ಆಮೇಲೆ ಸಮಯದ ಪದ ನೋಡಿ. ಎರಡೂ ಇಲ್ಲದ ವಾಕ್ಯವಾದರೆ, ಅದು ಲೋಕದ ಸತ್ಯವನ್ನು ಹೇಳುತ್ತಿದೆಯೇ ಅಂತ ನೋಡಿ, ಹೌದಾದರೆ ಪ್ರೆಸೆಂಟ್. ಪ್ರೆಸೆಂಟ್ ಅಂತ ತೀರ್ಮಾನವಾದ ಮೇಲೆ ಹಿ, ಷಿ, ಇಟ್ ಇದೆಯೇ ಅಂತ ಇನ್ನೊಮ್ಮೆ ನೋಡಿ. ಕಾಲ ಸರಿ ಆರಿಸಿ "ಎಸ್" ಮರೆತು ಅಂಕ ಕಳೆದುಕೊಳ್ಳುವವರೂ ಕಡಿಮೆಯಿಲ್ಲ.